ಸ್ಕಾಟ್ಲೆಂಡಿನವರು ಸೀರೆ ಉಡುತ್ತಾರೆಯೇ? ಮತ್ತೆ ಮತ್ತೆ ಕಂಡ ಸುಳ್ಳು ನಿಜ ಎನಿಸುವುದೇಕೆ

ಸ್ಕಾಟ್ಲೆಂಡಿನವರು ತೊಡುವ ನೆರಿಗೆಯ ಗಿಡ್ಡ ಲಂಗಕ್ಕೆ ಸೀರೆ ಎನ್ನುತ್ತಾರೆ. ಈ ಮಾತಿಗೆ ನಾವು ಯಾರೂ ಮೋಸಹೋಗುವುದಿಲ್ಲ, ಅದು ಕಿಲ್ಟ್. ಆದರೆ ಅಮೆರಿಕದಲ್ಲಿ ಲೀಸಾ ಫೇಜಿಯೊ ಮತ್ತು ಸಂಗಡಿಗರು ಇಂಥ ವಾಕ್ಯಗಳನ್ನೇ ವಿದ್ಯಾರ್ಥಿಗಳಿಗೆ ತೋರಿಸಿದಾಗ ವಿಚಿತ್ರವೊಂದು ಕಂಡಿತು. ಸರಿ ಉತ್ತರ ಗೊತ್ತಿದ್ದವರಿಗೂ, ಹೊಸ ಸುಳ್ಳಿಗಿಂತ ಒಮ್ಮೆ ಓದಿದ್ದ ಸುಳ್ಳು ಹೆಚ್ಚು ನಿಜ ಎನಿಸಿತ್ತು. ಅಧ್ಯಯನ ಪ್ರಕಟವಾದದ್ದು 2015ರಲ್ಲಿ.

ಪುನರಾವರ್ತನೆಯ ಈ ಪರಿಣಾಮವನ್ನು 1977ರಲ್ಲೇ ಲಿನ್ ಹ್ಯಾಷರ್, ಡೇವಿಡ್ ಗೋಲ್ಡ್‌ಸ್ಟೀನ್, ಥಾಮಸ್ ಟೊಪ್ಪಿನೊ ಗುರುತಿಸಿದ್ದರು. ಎರಡು ವಾರಗಳ ಅಂತರದಲ್ಲಿ ಮೂರು ಸಲ ವಿದ್ಯಾರ್ಥಿಗಳಿಗೆ ಹೇಳಿಕೆಗಳನ್ನು ಕೇಳಿಸಿದರು. ಮರುಕಳಿಸಿದ 20 ಹೇಳಿಕೆಗಳ ಮೇಲಿನ ನಂಬಿಕೆ ಪ್ರತಿ ಸಲವೂ ಏರಿತು. ಸುಳ್ಳು ಹೇಳಿಕೆಗಳದ್ದೂ ಅದೇ ಕಥೆ.

ಕಾರಣ ಸರಳ. ಮೊದಲೇ ಕಂಡದ್ದನ್ನು ಮಿದುಳು ಸಲೀಸಾಗಿ ಓದುತ್ತದೆ. ಆ ಸಲೀಸನ್ನೇ ಅದು ಸತ್ಯದ ಗುರುತು ಎಂದುಕೊಳ್ಳುತ್ತದೆ. ಮಾವ, ಅಪಾರ್ಟ್‌ಮೆಂಟ್ ಗ್ರೂಪ್, ಹಳೆಯ ಸಹಪಾಠಿಗಳು ಒಂದೇ ಮೆಸೇಜ್ ಕಳಿಸಿದರೆ ಮೂವರು ಸಾಕ್ಷಿ ಹೇಳಿದಂತೆ ಕಾಣುತ್ತದೆ. ಬಂದಿರುವುದು ಮಾತ್ರ ಒಂದೇ ಸಾಲು!

2018ರಲ್ಲಿ ಮಕ್ಕಳ ಕಳ್ಳರ ವಿಡಿಯೊ ಹೀಗೇ ದೇಶವೆಲ್ಲ ಸುತ್ತಿತು. ಮೂಲದಲ್ಲಿ ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ಚಿತ್ರ. ಕೊನೆಯಲ್ಲಿ ಬೈಕ್ ಸವಾರರು ಹುಡುಗನನ್ನು ವಾಪಸ್ ತಂದು ಬಿಡುತ್ತಾರೆ. ಆ ಭಾಗವನ್ನೇ ಯಾರೋ ಕತ್ತರಿಸಿದ್ದರು. ಆ ವರ್ಷದ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕಲೇಟ್ ಕೊಟ್ಟ ಹೈದರಾಬಾದ್ ಕಡೆಯ ಗೆಳೆಯರನ್ನು ಮಕ್ಕಳ ಕಳ್ಳರೆಂದು ಗುಂಪು ಹೊಡೆಯಿತು. ಒಬ್ಬ ಯುವ ಇಂಜಿನಿಯರ್ ಸತ್ತರು. ಅದೇ ತಿಂಗಳು ವಾಟ್ಸಾಪ್, ಭಾರತದಲ್ಲಿ ಒಮ್ಮೆಗೆ ಐದೇ ಚಾಟ್‌ಗಳಿಗೆ ಫಾರ್ವರ್ಡ್ ಎಂಬ ಮಿತಿ ಪ್ರಕಟಿಸಿತು. ಅದು ವೇಗ ತಗ್ಗಿಸಬಹುದು, ನಮ್ಮ ಮಿದುಳಿನ ಅಭ್ಯಾಸವನ್ನಲ್ಲ.

ಹಾಗಾದರೆ ಏನು ಮಾಡಬಹುದು? 2020ರ ಒಂದು ಅಧ್ಯಯನದಲ್ಲಿ, ಹೇಳಿಕೆಯನ್ನು ಮೊದಲ ಸಲ ಓದುವಾಗಲೇ ಇದು ನಿಜವೇ ಎಂದು ಅಳೆದು ನೋಡಿದವರಲ್ಲಿ, ಅದರ ಬಗ್ಗೆ ಮೊದಲೇ ತಿಳಿವಳಿಕೆ ಇದ್ದರೆ, ಈ ಪರಿಣಾಮ ಕಾಣಲಿಲ್ಲ. ಮೊದಲ ಸಲ ಎಂಬುದು ಇಲ್ಲಿ ಮುಖ್ಯ. ಇನ್ನೊಂದು ವಿಷಯ: ‘ಇದು ನಿಜಾನಾ?’ ಎಂದು ಕೇಳಲು ಇಡೀ ಗ್ರೂಪಿಗೆ ಫಾರ್ವರ್ಡ್ ಮಾಡುವುದೂ ಪುನರಾವರ್ತನೆಯೇ. ತಿಳಿದ ಒಬ್ಬರಿಗೆ ಫೋನ್ ಮಾಡಿ ಕೇಳಿದರೂ ಆಗುತ್ತದೆ.