ಮೈಮೇಲಿಂದ ಜಾರಿದ ಕುಪ್ಪಸ

ಧಾರವಾಡ, ಗದಗ, ಬಾಗಲಕೋಟೆ ಕಡೆಯ ಮನೆಗಳಲ್ಲಿ ಚೊಚ್ಚಲ ಬಸುರಿಗೆ ಐದೋ ಏಳೋ ತಿಂಗಳು ತುಂಬಿದಾಗ ‘ಕುಬಸ’ ಮಾಡುತ್ತಾರೆ. ‘ಮಗಳ ಕುಬಸ ಐತ್ರಿ, ತಪ್ಪದ ಬರ್ರಿ’ ಎಂದು ಮನೆಮನೆಗೆ ಹೇಳಿಬರುತ್ತಾರೆ. ಬೆಂಗಳೂರು, ಮೈಸೂರಿನವರು ಸೀಮಂತ ಎನ್ನುವ ಸಂಭ್ರಮ ಇದೇ. ಕುಬಸ ಎಂದರೆ ಕುಪ್ಪಸ. ಹೆಂಗಸರು ಮೈಗೆ ತೊಡುತ್ತಿದ್ದ ಬಟ್ಟೆಯ ಹೆಸರು ಈಗ ಒಂದು ಕಾರ್ಯದ ಹೆಸರಾಗಿ ನಿಂತಿದೆ. ಅದೇ ಮನೆಯಲ್ಲಿ ‘ಕುಬಸ ಎಲ್ಲಿ ಹೊಲಿಸಿದೆ?’ ಎಂದು ಯಾರೂ ಕೇಳುವುದಿಲ್ಲ. ಮೈಮೇಲಿರುವುದು ಬ್ಲೌಸು, ವಯಸ್ಸಾದವರ ಬಾಯಲ್ಲಿ ಜಂಪರು.

ತವರಿನವರು ಬರುವಾಗ ಬುಟ್ಟಿ ತುಂಬ ಬುತ್ತಿ, ಹಸಿರು ಸೀರೆ, ಹಸಿರು ಬಳೆ, ರವಿಕೆಯ ಖಣ ತರುತ್ತಾರೆ. ಬಸುರಿಯನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬುತ್ತಾರೆ: ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಸಿನದ ಬೇರು, ಎಲೆ ಅಡಿಕೆ, ಮಡಿಸಿಟ್ಟ ಖಣ. ಇಷ್ಟೆಲ್ಲ ಸಾಮಾನಿನ ನಡುವೆ ಈ ಕಾರ್ಯಕ್ಕೆ ಕುಪ್ಪಸದ ಹೆಸರೇ ಯಾಕೆ ಬಂತು? ನನಗೆ ತೋಚುವುದು ಇಷ್ಟು. ಹಳೆಯ ಕುಪ್ಪಸಕ್ಕೆ ಗುಂಡಿಯೂ ಇರಲಿಲ್ಲ, ಹುಕ್ಕೂ ಇರಲಿಲ್ಲ. ಮುಂದಿನ ಎರಡು ತುದಿಗಳನ್ನು ಎದೆಯ ಕೆಳಗೆ ಎಳೆದು ಗಂಟು ಹಾಕಿಕೊಳ್ಳಬೇಕಿತ್ತು. ಬಸುರು ಬಲಿತು ಮೈ ತುಂಬಿದಾಗ ಆ ಗಂಟು ಬಿಗಿಯುತ್ತದೆ. ಮಗಳಿಗೆ ಹೊಸ ಕುಪ್ಪಸ ಬೇಕು ಎಂಬುದು ತಾಯಿಗಿಂತ ಮೊದಲು ಇನ್ಯಾರಿಗೆ ಹೊಳೆದೀತು?

ಪದಕ್ಕೆ ಬಹಳ ವಯಸ್ಸಾಗಿದೆ. ಸಂಸ್ಕೃತದ ಕೂರ್ಪಾಸ, ಕೂರ್ಪಾಸಕ ಇದರ ಬಂಧುಗಳು. ಅಮರಕೋಶ ಚೋಲ, ಕೂರ್ಪಾಸಕ ಎರಡನ್ನೂ ಒಟ್ಟಿಗೆ ಹೇಳುತ್ತದೆ. ಕಾಳಿದಾಸನದೆನ್ನುವ ಋತುಸಂಹಾರದಲ್ಲಿ ಶಿಶಿರದ ಚಳಿಗೆ ಹೆಂಗಸರು ಮೈಗೆ ಅಂಟಿದ ಕೂರ್ಪಾಸಕ ತೊಟ್ಟಿದ್ದಾರೆ. ಏಳನೆಯ ಶತಮಾನದ ಬಾಣನ ಹರ್ಷಚರಿತಕ್ಕೆ ಬಂದರೆ ಅದನ್ನು ತೊಟ್ಟವರು ದಂಡಿನ ಜೊತೆ ಹೊರಟ ರಾಜರು. ಅಂದರೆ ಇದು ಚಳಿಗೆ, ಪಯಣಕ್ಕೆ ತೊಡುವ ಅಂಗಿ; ಗಂಡಸಿಗೂ ಸಲ್ಲುತ್ತಿತ್ತು, ಹೆಂಗಸಿಗೂ ಸಲ್ಲುತ್ತಿತ್ತು. ನಾಚಿಕೆಯ ಮಾತು ಅಲ್ಲಿಲ್ಲ. ಅಜಂತಾದ ಒಂದನೆಯ ಗುಹೆಯಲ್ಲಿ ಮಹಾಜನಕ ಜಾತಕದ ನರ್ತಕಿ ತುಂಬುತೋಳಿನ ಹೊಲಿದ ಉಡುಪಿನಲ್ಲಿದ್ದರೆ, ಅದೇ ಗೋಡೆಗಳ ಮೇಲಿನ ರಾಣಿಯರ ಎದೆಯ ಮೇಲೆ ಒಡವೆಯೇ ಹೆಚ್ಚು. ಹದಿನಾರನೆಯ ಶತಮಾನದ ಮೊದಲ ದಶಕಗಳಲ್ಲಿ ವಿಜಯನಗರದ ಬಗ್ಗೆ ಬರೆದ ಪೋರ್ಚುಗೀಸ್ ಬಾರ್ಬೋಸಾ, ಅಲ್ಲಿನ ಹೆಂಗಸರು ಐದು ಗಜದ ಬಟ್ಟೆಯ ಒಂದು ಭಾಗವನ್ನು ಸೊಂಟಕ್ಕೆ ಸುತ್ತಿ, ಉಳಿದುದನ್ನು ಎದೆಯ ಮೇಲಿಂದ ಒಂದು ಹೆಗಲಿಗೆ ಹಾಕಿಕೊಳ್ಳುತ್ತಾರೆ, ಇನ್ನೊಂದು ಹೆಗಲೂ ತೋಳೂ ಬರಿದೇ ಇರುತ್ತವೆ ಎಂದಿದ್ದಾನೆ. ಅದೇ ಶತಮಾನದ ಲೇಪಾಕ್ಷಿಯ ಚಿತ್ರಗಳಲ್ಲಿ ಸೀರೆಯ ಜೊತೆ ಬಣ್ಣಬಣ್ಣದ ಬಿಗಿ ಕುಪ್ಪಸಗಳಿವೆ. ತೊಟ್ಟವರೂ ಇದ್ದರು, ತೊಡದವರೂ ಇದ್ದರು. ಹಾಗಾಗಿ ಮೈಮುಚ್ಚುವ ರವಿಕೆಯೇ ನಮ್ಮ ಸನಾತನ ಪದ್ಧತಿ ಎಂದು ಯಾರಾದರೂ ಹುಡುಗಿಯರಿಗೆ ಗದರಿದರೆ ನನಗೆ ಬೇಸರವಾಗುತ್ತದೆ. ಬೇಲೂರಿನ ಮದನಿಕೆಯರನ್ನು ಇವರು ಯಾವ ಲೆಕ್ಕಕ್ಕೆ ಸೇರಿಸುತ್ತಾರೆ?

ಈ ಪದದ ಇನ್ನೊಂದು ಬಂಧು ಕೇರಳದಲ್ಲಿದೆ: ಕುಪ್ಪಾಯ. ಅಲ್ಲಿ ಮೈ ಮುಚ್ಚಿದ್ದಕ್ಕೆ ಹೆಂಗಸರು ಪೆಟ್ಟು ತಿಂದರು. ತಿರುವಾಂಕೂರು ರಾಜ್ಯದಲ್ಲಿ ನಾಡಾರ್ ಹೆಂಗಸರು ಮೇಲ್ಜಾತಿಯವರ ಎದುರು ಎದೆ ಮುಚ್ಚುವಂತಿರಲಿಲ್ಲ. ಅವರಲ್ಲಿ ಹಲವರು ಕ್ರೈಸ್ತರಾದ ಮೇಲೆ ಮೈ ಮುಚ್ಚತೊಡಗಿದರು. ಸಿರಿಯನ್ ಕ್ರೈಸ್ತರ, ಮಾಪಿಳ್ಳೆಯರ ಹಾಗೆ ಕುಪ್ಪಾಯ ತೊಡಬಹುದು ಎಂದು ದೊರೆತನ ಒಪ್ಪಿತು. ನಾಯರ್ ಹೆಂಗಸರಂತೆ ಹೆಗಲ ಮೇಲೆ ಮೇಲ್ಮುಂಡು ಹೊದೆಯಬಾರದು ಎಂದಿತು. 1829ರ ಆಜ್ಞೆಯೂ ಇದನ್ನೇ ಹೇಳಿತು. ಎದೆ ಮುಚ್ಚಿದ್ದು ದೊರೆತನಕ್ಕೆ ಅಷ್ಟು ನೋಯಲಿಲ್ಲ, ಮೇಲಿನವರ ಹಾಗೆ ಮುಚ್ಚಿದ್ದು ನೋಯಿತು. ಹೆಂಗಸರು ಮೇಲ್ಮುಂಡನ್ನೂ ಹೊದ್ದರು. ಸಂತೆಯಲ್ಲಿ, ದಾರಿಯಲ್ಲಿ ಮೇಲ್ಜಾತಿಯವರು ಅವರನ್ನು ತಡೆದು ಬಟ್ಟೆ ಹರಿದರು. 1858ರಲ್ಲಿ ಗಲಭೆ ಮತ್ತೆ ಹೊತ್ತಿಕೊಂಡ ಮೇಲೆ ಮದರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲ್ಯನ್ ದೊರೆಯ ಮೇಲೆ ಒತ್ತಡ ತಂದ. 1859ರ ಜುಲೈ 26ರಂದು ಎಲ್ಲ ನಾಡಾರ್ ಹೆಂಗಸರಿಗೂ ಅನುಮತಿ ಸಿಕ್ಕಿತು, ಆಗಲೂ ‘ಮೇಲ್ಜಾತಿಯವರಂತೆ ಮಾತ್ರ ಬೇಡ’ ಎಂಬ ಷರತ್ತಿನೊಂದಿಗೆ.

ಇದನ್ನೆಲ್ಲ ಕೇರಳದ ಕತೆ ಎಂದು ಬದಿಗಿಡಲಾಗದು. ನಮ್ಮ ಬ್ರಾಹ್ಮಣ ಮನೆಗಳ ಒಳಕೋಣೆಗಳಲ್ಲಿ ತಲೆ ಬೋಳಿಸಿಕೊಂಡು ಕೆಂಪು ಸೀರೆ ಉಟ್ಟ ಮಡಿ ಹೆಂಗಸರಿದ್ದರು. ಗಂಡ ಸತ್ತ ದಿನಗಳಲ್ಲೇ ಅವರ ಮೈಮೇಲಿಂದ ಬಳೆ, ಕುಂಕುಮ, ಕೂದಲಿನ ಜೊತೆ ರವಿಕೆಯೂ ಹೋಗುತ್ತಿತ್ತು. ಹತ್ತು ಹನ್ನೆರಡರ ಹುಡುಗಿಯರೂ ಅವರಲ್ಲಿದ್ದರು. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಓದಿದವರಿಗೆ, ಪ್ರೇಮಾ ಕಾರಂತರು ತೆಗೆದ ಚಿತ್ರ ನೋಡಿದವರಿಗೆ ಆ ಬದುಕನ್ನು ಹೊಸದಾಗಿ ವಿವರಿಸಬೇಕಿಲ್ಲ. ಮಾನ ಮುಚ್ಚಲೆಂದೇ ರವಿಕೆ ಹುಟ್ಟಿದ್ದಾದರೆ ವಿಧವೆಗೆ ಮಾನವಿರಲಿಲ್ಲವೇ? ಮಲೆಸೀಮೆಯ ಚಳಿಯಲ್ಲಿ, ಒದ್ದೆ ಮಡಿಯಲ್ಲಿ ಬರಿಮೈಯಲ್ಲಿ ದುಡಿದ ಆ ಅಜ್ಜಿಯರನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಬರಿಮೈ ಎಂದ ಮಾತ್ರಕ್ಕೆ ಎಲ್ಲವೂ ಹೇರಿದ್ದಲ್ಲ. ಉತ್ತರ ಕನ್ನಡದ ಹಾಲಕ್ಕಿ ಹೆಂಗಸರು ಸೀರೆಯನ್ನು ಕುತ್ತಿಗೆಗೆ ಬಿಗಿದು ಕಟ್ಟಿ, ಎದೆಯ ತುಂಬ ಮಣಿಸರ ಹಾಕಿಕೊಂಡು ಗದ್ದೆ ಕೆಲಸ ಮಾಡಿದವರು. 2021ರ ನವೆಂಬರಿನಲ್ಲಿ ಅವರಲ್ಲೊಬ್ಬರಾದ ತುಳಸಿ ಗೌಡ ಅದೇ ಉಡುಗೆಯಲ್ಲಿ, ಬರಿಗಾಲಲ್ಲಿ ರಾಷ್ಟ್ರಪತಿ ಭವನದೊಳಗೆ ನಡೆದು ಪದ್ಮಶ್ರೀ ಪಡೆದರು. ರವಿಕೆ ಇಲ್ಲದ ಹೆಗಲನ್ನು ದೇಶ ಅಂದು ಗೌರವದಿಂದಲೇ ನೋಡಿತು.

ಬ್ರಿಟಿಷರ ಕಾಲದಲ್ಲಿ ಹೊಲಿಗೆಯಂತ್ರದೊಂದಿಗೆ ಕುಪ್ಪಸಕ್ಕೆ ಹೊಸ ಹೆಸರುಗಳು ಬಂದವು: ಜಾಕೀಟು, ಪೋಲಕ, ಜಂಪರು, ಬ್ಲೌಸು. ಬಂಗಾಳದಲ್ಲಿ ಟಾಗೋರ್ ಮನೆತನದ ಸೊಸೆ ಜ್ಞಾನದಾನಂದಿನಿ ದೇವಿ ಮುಂಬಯಿಯಲ್ಲಿ ಕಂಡ ಪಾರ್ಸಿ ಸೀರೆಯ ಕಟ್ಟನ್ನು ರವಿಕೆ, ಲಂಗದ ಜೊತೆ ಊರಿಗೆ ಕೊಂಡೊಯ್ದರು. ನಮ್ಮಲ್ಲೂ ತೋಳು ಉಬ್ಬಿತು, ಕತ್ತಿಗೆ ಲೇಸು ಬಂತು, ಮುಂದಿನ ಗಂಟು ಹೋಗಿ ಹುಕ್ಕು ಬಂತು. ಗಂಟಿನ ಜೊತೆ ಕುಪ್ಪಸ ಎಂಬ ಹೆಸರೂ ದಿನಬಳಕೆಯಿಂದ ಹೊರಟು ಕವಿತೆ, ಜಾನಪದ ಹಾಡು ಮತ್ತು ಈ ಕುಬಸದ ಮನೆ ಸೇರಿಕೊಂಡಿತು.

ಕುಪ್ಪಸದ ಬಟ್ಟೆ ಮಾತ್ರ ಇನ್ನೂ ನೇಯ್ಗೆಯಲ್ಲಿದೆ. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಖಣವನ್ನು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ; ಒಡಲ ತುಂಬ ಸಣ್ಣ ಸಣ್ಣ ಬುಟ್ಟಾ, ತೇರು, ರುದ್ರಾಕ್ಷಿ, ಆನೆ ಹೆಜ್ಜೆ. ಅಂಚು ತೋಳಿನ ತುದಿಗೆ ಬರುವಂತೆ ಕತ್ತರಿಸುತ್ತಾರೆ. ಇಳಕಲ್ ಸೀರೆಯ ಸಾದಾ ಒಡಲಿಗೆ ಇದು ಹೇಳಿಮಾಡಿಸಿದ ಜೊತೆ. ಆದರೆ ಉಡಿಗೆ ಬಂದ ಖಣಗಳಲ್ಲಿ ಹೊಲಿಸಿಕೊಳ್ಳುವುದು ಕಡಿಮೆ. ಇವತ್ತಿನ ಉದ್ದ ತೋಳಿಗೆ ಟೇಲರ್ ಒಂದು ಮೀಟರ್ ಕೇಳುತ್ತಾನೆ, ಖಣ ಸಾಲುವುದಿಲ್ಲ. ಹಾಗಾಗಿ ಅದು ಟ್ರಂಕಿನಲ್ಲಿದ್ದು ಮುಂದಿನ ಮನೆಯ ಉಡಿಗೆ ಹೋಗುತ್ತದೆ, ಅಲ್ಲಿಂದ ಇನ್ನೊಂದಕ್ಕೆ. ಮುತ್ತೈದೆಯಿಂದ ಮುತ್ತೈದೆಗೆ.

ನನಗೆ ಚುಚ್ಚುವುದು ಆ ಮುತ್ತೈದೆ ಎಂಬ ಕಟ್ಟಳೆ. ಮಗಳಿಗೆ ಕುಬಸ ತರಬೇಕಾದವಳು ತಾಯಿ. ಆಕೆಗೆ ಗಂಡನಿಲ್ಲದಿದ್ದರೆ ಬುತ್ತಿ ಕಟ್ಟುವುದು ಅವಳೇ, ಸೀರೆ ಆರಿಸುವುದು ಅವಳೇ. ಉಡಿ ತುಂಬುವಾಗ ಮಾತ್ರ ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಾಳೆ. ರವಿಕೆ ಕಳಚಿದ ಕಾಲ ಮುಗಿಯಿತು, ಕಳಚಿಸಿದ ಮನಸ್ಸು ಇಲ್ಲಿ ಉಳಿದಿದೆ. ಈಚೆಗೆ ಕೆಲವು ಮನೆಗಳಲ್ಲಿ ಹೆಣ್ಣುಮಕ್ಕಳೇ ಹಟ ಹಿಡಿದು ‘ಮೊದಲು ಅವ್ವ ಉಡಿ ತುಂಬ್ಲಿ’ ಎಂದು ಮಣೆಯಿಂದ ಕೂಗಿ ಕರೆಯುತ್ತಿದ್ದಾರೆ. ನೆರೆದವರು ಒಂದು ಗಳಿಗೆ ಮುಖ ಮುಖ ನೋಡಿಕೊಳ್ಳುತ್ತಾರೆ, ಆಮೇಲೆ ಯಾರಾದರೂ ಹಿರಿಯರು ‘ಬಾ ತಂಗಿ’ ಎಂದು ಜಾಗ ಬಿಡುತ್ತಾರೆ, ಸೋಬಾನೆ ಶುರುವಾಗುತ್ತದೆ.