ಟೂರ್ ಡಿ ಫ್ರಾನ್ಸ್ ಕೊನೆಯ ಹಂತ: ಮೆರವಣಿಗೆಯೋ, ಪೈಪೋಟಿಯೋ?

ಮೂರು ವಾರ, 21 ಹಂತ, ಮೂರು ಸಾವಿರಕ್ಕೂ ಹೆಚ್ಚು ಕಿಲೋಮೀಟರ್. ಆಲ್ಪ್ಸ್ ಮತ್ತು ಪಿರೆನೀಸ್ ಪರ್ವತಗಳನ್ನು ದಾಟಿ ಬಂದ ಸೈಕ್ಲಿಸ್ಟ್‌ಗಳು ಕೊನೆಯ ಭಾನುವಾರ ಪ್ಯಾರಿಸ್ ಕಡೆ ಹೊರಡುತ್ತಾರೆ. ಅಂದು ಹಳದಿ ಜೆರ್ಸಿ ತೊಟ್ಟ ಮುನ್ನಡೆಯ ಆಟಗಾರ ಸೈಕಲ್ ಮೇಲೆಯೇ ಶಾಂಪೇನ್ ಗ್ಲಾಸ್ ಹಿಡಿದು ಫೋಟೋಗೆ ನಗುತ್ತಾನೆ. ಮೊದಲ ಬಾರಿ ನೋಡುವವರಿಗೆ ಅಚ್ಚರಿಯಾಗುವುದು ಸಹಜ. ರೇಸ್ ಮುಗಿಯುವ ಮೊದಲೇ ಸಂಭ್ರಮವೇ?

ಯಾರೂ ದಾಳಿ ಮಾಡುವುದಿಲ್ಲವೇಕೆ?

ಟೂರ್‌ನಲ್ಲಿ ಎಲ್ಲ ಹಂತಗಳ ಸಮಯವನ್ನು ಕೂಡಿಸಿ, ಒಟ್ಟು ಕಡಿಮೆ ಸಮಯ ತೆಗೆದುಕೊಂಡವರನ್ನು ಚಾಂಪಿಯನ್ ಎಂದು ಘೋಷಿಸಲಾಗುತ್ತದೆ. ಸಮತಟ್ಟು ರಸ್ತೆಯಲ್ಲಿ ಗುಂಪಿನ ಒಳಗೆ ಸಾಗುವವರಿಗೆ ಗಾಳಿಯ ತಡೆ ಬಹಳ ಕಡಿಮೆ. ಒಬ್ಬಂಟಿಯಾಗಿ ಮುಂದೆ ಓಡಿದವರನ್ನು ಗುಂಪು ಸುಲಭವಾಗಿ ಹಿಡಿಯುತ್ತದೆ. ಒಟ್ಟಿಗೆ ಗುರಿ ಮುಟ್ಟಿದ ಗುಂಪಿನ ಎಲ್ಲರಿಗೂ ಒಂದೇ ಸಮಯ ಸಿಗುತ್ತದೆ. ಹೀಗಾಗಿ ಒಂದೆರಡು ನಿಮಿಷದ ಅಂತರವನ್ನು ಅಂದು ಅಳಿಸುವುದು ಬಹುತೇಕ ಅಸಾಧ್ಯ. ಇದರಿಂದಲೇ ಕೊನೆಯ ದಿನ ಹಳದಿ ಜೆರ್ಸಿಯ ಮೇಲೆ ದಾಳಿ ಮಾಡಬಾರದು ಎಂಬ ಸಂಪ್ರದಾಯ ಬೆಳೆದಿದೆ. ಇದು ಬರೆದಿಟ್ಟ ನಿಯಮವಲ್ಲ.

ಆದರೆ ಪ್ಯಾರಿಸ್‌ನ ಶಾಂಜೆಲಿಸೆ ಬೀದಿ ತಲುಪಿದ ಕೂಡಲೇ ಚಿತ್ರ ಬದಲಾಗುತ್ತದೆ. ಕಲ್ಲುಹಾಸಿನ ಆ ಬೀದಿಯಲ್ಲಿ ಸುತ್ತುಗಳು ಶುರುವಾಗಿ, ವೇಗ ಏರಿ, ಸ್ಪ್ರಿಂಟರ್‌ಗಳ ಕಾದಾಟ ನಡೆಯುತ್ತದೆ. ಬ್ರಿಟನ್ನಿನ ಮಾರ್ಕ್ ಕ್ಯಾವೆಂಡಿಶ್ 2009ರಿಂದ 2012ರವರೆಗೆ ಸತತ ನಾಲ್ಕು ಬಾರಿ ಇಲ್ಲಿ ಗೆದ್ದರು.

ಗುರಿ ಬದಲಾದ ಕಥೆ

1903ರಲ್ಲಿ ಲೊತೊ ಪತ್ರಿಕೆ ಆರಂಭಿಸಿದ ಈ ರೇಸ್ ಹಲವು ದಶಕ ಪ್ಯಾರಿಸ್‌ನ ಪಾರ್ಕ್ ದೆ ಪ್ರಾನ್ಸ್ ಮೈದಾನದಲ್ಲಿ ಮುಗಿಯುತ್ತಿತ್ತು. 1968ರಿಂದ 1974ರವರೆಗೆ ವಾನ್ಸೆನ್ ವೆಲೋಡ್ರೋಮ್ ಗುರಿಯಾಯಿತು. ಶಾಂಜೆಲಿಸೆ ಬಂದದ್ದು 1975ರಲ್ಲಿ. 2013ರಲ್ಲಿ ನೂರನೇ ಟೂರ್ ಮುಸ್ಸಂಜೆಯ ಬೆಳಕಿನಲ್ಲಿ ಮುಗಿಯಿತು. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ಸಿದ್ಧತೆಯ ಕಾರಣ ಕೊನೆಯ ಹಂತ ಮೊನಾಕೊದಿಂದ ನೀಸ್‌ಗೆ 33.7 ಕಿ.ಮೀ. ಟೈಮ್ ಟ್ರಯಲ್ ಆಯಿತು. ಟೂರ್ ಪ್ಯಾರಿಸ್ ಪ್ರದೇಶದ ಹೊರಗೆ ಮುಗಿದದ್ದು ಅದೇ ಮೊದಲು.

ಕೊನೆಯ ದಿನ ಕೈತಪ್ಪಿದ ಕಿರೀಟ

1947ರಲ್ಲಿ ಮೂರನೇ ಸ್ಥಾನದಲ್ಲಿದ್ದ ಫ್ರಾನ್ಸಿನ ಜಾನ್ ರೊಬಿಕ್ ಕೊನೆಯ ಹಂತದಲ್ಲಿ ರುವಾನ್ ಬಳಿಯ ಏರಿನಲ್ಲಿ ನುಗ್ಗಿ ಪ್ರಶಸ್ತಿ ಕಸಿದರು. 1968ರಲ್ಲಿ ನೆದರ್ಲೆಂಡ್ಸ್‌ನ ಯಾನ್ ಯಾನ್ಸೆನ್ ಕೊನೆಯ ದಿನದ ಟೈಮ್ ಟ್ರಯಲ್‌ನಲ್ಲಿ ಮುನ್ನಡೆ ಪಡೆದು 38 ಸೆಕೆಂಡ್ ಅಂತರದಿಂದ ಗೆದ್ದರು. ಇಬ್ಬರೂ ಆ ರೇಸ್‌ಗಳಲ್ಲಿ ಅದಕ್ಕೆ ಮುನ್ನ ಒಂದು ದಿನವೂ ಹಳದಿ ಜೆರ್ಸಿ ತೊಟ್ಟು ಓಡಿರಲಿಲ್ಲ.

ಎಲ್ಲಕ್ಕಿಂತ ಹೆಚ್ಚು ನೆನಪಿನಲ್ಲಿರುವುದು 1989ರ ಜುಲೈ 23. ವರ್ಸೈನಿಂದ ಪ್ಯಾರಿಸ್‌ಗೆ 24.5 ಕಿ.ಮೀ. ಟೈಮ್ ಟ್ರಯಲ್. ಫ್ರಾನ್ಸಿನ ಲೊರಾಂ ಫಿನ್ಯಾಂ 50 ಸೆಕೆಂಡ್ ಮುಂದಿದ್ದರು. ಎರಡನೇ ಸ್ಥಾನದಲ್ಲಿದ್ದವರು ಅಮೆರಿಕದ ಗ್ರೆಗ್ ಲೆಮಾಂಡ್. 1987ರಲ್ಲಿ ಬೇಟೆಯ ವೇಳೆ ಆಕಸ್ಮಿಕವಾಗಿ ಗುಂಡೇಟು ತಿಂದು ಬದುಕುಳಿದವರು. ಮುಂಗೈ ಊರಿ ಬಾಗಿ ಕೂರುವ ಹೊಸ ಬಗೆಯ ಹ್ಯಾಂಡಲ್ ಮತ್ತು ಗಾಳಿ ಸೀಳುವ ಹೆಲ್ಮೆಟ್‌ನೊಂದಿಗೆ ಅವರು ಗಂಟೆಗೆ 54 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಸಾಗಿದರು. ಹೆಲ್ಮೆಟ್ ಇಲ್ಲದೆ, ಜುಟ್ಟು ಕಟ್ಟಿಕೊಂಡೇ ಓಡಿದ ಫಿನ್ಯಾಂ 58 ಸೆಕೆಂಡ್ ಹಿಂದೆ ಬಿದ್ದರು. ಮೂರು ಸಾವಿರ ಕಿಲೋಮೀಟರಿಗೂ ಉದ್ದದ ರೇಸ್ ಕೇವಲ 8 ಸೆಕೆಂಡಿನಲ್ಲಿ ತೀರ್ಮಾನವಾಯಿತು. ಟೂರ್ ಇತಿಹಾಸದಲ್ಲೇ ಅದು ಅತ್ಯಂತ ಕಡಿಮೆ ಅಂತರ.

ಗೆರೆ ದಾಟಲೇಬೇಕು

ಕೊನೆಯ ಹಂತ ಪೂರ್ತಿ ಮಾಡದವರಿಗೆ ಅಂತಿಮ ಪಟ್ಟಿಯಲ್ಲಿ ಜಾಗವಿಲ್ಲ. 1991ರಲ್ಲಿ ಪಾಯಿಂಟ್ಸ್‌ನಲ್ಲಿ ಮುಂದಿದ್ದು ಹಸಿರು ಜೆರ್ಸಿ ತೊಟ್ಟಿದ್ದ ಜಮೊಲಿದಿನ್ ಅಬ್ದುಜಪರೊವ್ ಶಾಂಜೆಲಿಸೆ ಸ್ಪ್ರಿಂಟ್‌ನಲ್ಲಿ ಬ್ಯಾರಿಕೇಡ್ ಬದಿಗೆ ಬಡಿದು ಉರುಳಿದರು. ಗೆರೆ ಕಣ್ಣೆದುರೇ ಇತ್ತು. ತೀವ್ರ ಗಾಯಗೊಂಡಿದ್ದರೂ ಹಲವು ನಿಮಿಷಗಳ ಬಳಿಕ ಎದ್ದು ಗೆರೆ ದಾಟಿದ್ದರಿಂದಲೇ ಆ ಜೆರ್ಸಿ ಅವರಿಗೆ ಉಳಿಯಿತು.

ಮೊಂಮಾರ್ತ್ ತಂದ ಬದಲಾವಣೆ

2025ರಲ್ಲಿ ಸಂಘಟಕರು ಹಳೆಯ ಸಂಪ್ರದಾಯವನ್ನೇ ಅಲುಗಾಡಿಸಿದರು. ಒಲಿಂಪಿಕ್ಸ್ ರೋಡ್ ರೇಸ್‌ನಲ್ಲಿ ಜನಸಾಗರ ಕಂಡಿದ್ದ ಮೊಂಮಾರ್ತ್ ಗುಡ್ಡವನ್ನು ಕೊನೆಯ ಹಂತದಲ್ಲಿ ಮೂರು ಬಾರಿ ಏರಬೇಕಿತ್ತು. ಏರು 1.1 ಕಿ.ಮೀ. ಮಾತ್ರ, ಆದರೆ ಕಿರಿದಾದ ಕಲ್ಲುಹಾಸಿನ ಬೀದಿ. ಮೂರು ವಾರದ ಶ್ರಮ ಒಂದು ಜಾರುವಿಕೆಯಲ್ಲಿ ಹಾಳಾಗಬಹುದು ಎಂಬ ಆತಂಕ ಮೊದಲೇ ಇತ್ತು. ಅಂದು ಮಳೆಯೂ ಬಂತು. ಹಾಗಾಗಿ ಸುಮಾರು 50 ಕಿ.ಮೀ. ಬಾಕಿ ಇರುವಾಗಲೇ ಒಟ್ಟಾರೆ ಸ್ಪರ್ಧೆಯ ಸಮಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಾಯಿತು.

ಸುರಕ್ಷಿತವಾಗಿ ಹಿಂದೆ ಸಾಗುವ ಅವಕಾಶವಿದ್ದರೂ ಹಳದಿ ಜೆರ್ಸಿಯ ತದೆಯ್ ಪೊಗಾಚಾರ್ ಸುಮ್ಮನಿರಲಿಲ್ಲ, ಹಂತವನ್ನೂ ಗೆಲ್ಲಲು ಹೊರಟರು. ಕೊನೆಯ ಏರಿನಲ್ಲಿ ಅವರನ್ನು ಹಿಂದಿಕ್ಕಿದ ಬೆಲ್ಜಿಯಂನ ವೌಟ್ ವಾನ್ ಆರ್ಟ್ ಒಬ್ಬರೇ ಗುರಿ ಮುಟ್ಟಿದರು. ಪೊಗಾಚಾರ್‌ಗೆ ನಾಲ್ಕನೇ ಟೂರ್ ಪ್ರಶಸ್ತಿ ದಕ್ಕಿತು.

ಕೊನೆಯ ಹಂತ ನೋಡುವಾಗ ಮೂರು ವಿಷಯ ಗಮನಿಸಿ: ಅದು ಟೈಮ್ ಟ್ರಯಲ್ಲೋ ಗುಂಪು ಓಟವೋ, ಅಗ್ರಸ್ಥಾನಗಳ ನಡುವಿನ ಅಂತರ ಎಷ್ಟು, ಮಳೆಯಿದ್ದರೆ ಸಮಯವನ್ನು ಎಲ್ಲಿ ಲೆಕ್ಕ ಹಾಕುತ್ತಾರೆ. ಅಂದಿನದು ಮೆರವಣಿಗೆಯೋ, ಪೈಪೋಟಿಯೋ ಎಂಬುದು ಇವುಗಳಿಂದಲೇ ತಿಳಿಯುತ್ತದೆ.