ಹಳೆಯ ಕಾರು: ದುರಸ್ತಿ ಮಾಡಿಸುವುದೋ, ಮಾರುವುದೋ?

ಹಾಸನ ತಾಲ್ಲೂಕಿನ ಸಾಲಗಾಮೆ ಹೋಬಳಿಯ ಕೃಷಿಕ ಕುಟುಂಬವೊಂದನ್ನು ಊಹಿಸಿಕೊಳ್ಳಿ. ಆಲೂಗೆಡ್ಡೆ ಬಿತ್ತನೆ ಬೀಜ ತರುವುದಕ್ಕೂ, ಮಕ್ಕಳನ್ನು ಹಾಸನದ ಕಾಲೇಜಿಗೆ ಬಿಡುವುದಕ್ಕೂ, ಅಪರಾತ್ರಿಯಲ್ಲಿ ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವುದಕ್ಕೂ ಮನೆಯಲ್ಲಿರುವುದು 2010ರ ಒಂದೇ ಪೆಟ್ರೋಲ್ ಕಾರು. ಎರಡು ವರ್ಷಗಳಿಂದ ಮುಂದೂಡುತ್ತಾ ಬಂದ ಕೆಲಸಗಳನ್ನೆಲ್ಲ ಕೂಡಿಸಿ ಮೆಕ್ಯಾನಿಕ್ 45 ಸಾವಿರ ರೂಪಾಯಿಯ ಅಂದಾಜು ಕೊಟ್ಟಿದ್ದಾನೆ. ಇದ್ದ ಸ್ಥಿತಿಯಲ್ಲಿ ಮಾರಿದರೆ ಬರುವುದು 40 ಸಾವಿರ. ಇಷ್ಟು ಹಣ ಹಾಕುವುದು ಜಾಣತನವೇ?

ಮಾರಾಟ ಬೆಲೆಗಿಂತ ಖರ್ಚು ಹೆಚ್ಚಾದರೆ ಕಾರನ್ನು ಬಿಟ್ಟುಬಿಡಿ ಎಂಬುದು ಸಾಮಾನ್ಯ ಸಲಹೆ. ಆದರೆ ಈ ಲೆಕ್ಕ ಅಪೂರ್ಣ. ದುರಸ್ತಿಯ ನಂತರ ಕಾರು ಇನ್ನೆಷ್ಟು ವರ್ಷ ಓಡೀತು, ಅದರ ಬದಲಿಗೆ ಬರುವ ಕಾರಿಗೆ ಅಷ್ಟೇ ಅವಧಿಯಲ್ಲಿ ಎಷ್ಟು ವೆಚ್ಚವಾದೀತು ಎಂಬ ಎರಡು ಸಂಗತಿಗಳನ್ನು ತೂಗಿ ನೋಡಬೇಕು.

ಮೊದಲು ತಳಭಾಗ ನೋಡಿ

ಎಂಜಿನ್, ಕ್ಲಚ್, ರೇಡಿಯೇಟರ್‌ಗಳನ್ನು ಬದಲಿಸಬಹುದು. ತುಕ್ಕು ಹಿಡಿದ ಒಡಲನ್ನು ಬದಲಿಸುವುದು ಸುಲಭವಲ್ಲ. ಇಂದಿನ ಬಹುತೇಕ ಕಾರುಗಳಿಗೆ ಪ್ರತ್ಯೇಕ ಚಾಸಿ ಇಲ್ಲ. ಒಡಲೇ ಭಾರ ಹೊರುತ್ತದೆ. ಮಳೆ, ಕೆಸರುಗಳ ನಡುವೆ ಓಡಿದ ಕಾರುಗಳಲ್ಲಿ ಬಾಗಿಲಿನ ಕೆಳಪಟ್ಟಿ, ನೆಲದ ತಗಡು ಹಾಗೂ ಸಸ್ಪೆನ್ಷನ್ ಜೋಡಣೆಯ ಜಾಗಗಳು ಒಳಗಿನಿಂದಲೇ ಸವೆದಿರುತ್ತವೆ. ಗ್ಯಾರೇಜಿನಲ್ಲಿ ಕಾರನ್ನು ಮೇಲೆತ್ತಿಸಿ ಸ್ಕ್ರೂಡ್ರೈವರ್‌ನಿಂದ ಒತ್ತಿ ನೋಡಿ. ಸಸ್ಪೆನ್ಷನ್ ಬಳಿ ತಗಡು ತೂತಾದರೆ ಆ ಕಾರಿಗೆ ಹೆಚ್ಚಿನ ಹಣ ಹಾಕದಿರುವುದೇ ಲೇಸು.

ಬಾಕಿ ಕೆಲಸಗಳ ಮೂರು ಗುಂಪು

ಬ್ರೇಕ್, ಸ್ಟಿಯರಿಂಗ್, ಟೈರ್, ಸಸ್ಪೆನ್ಷನ್ ಪ್ರಾಣಕ್ಕೆ ಸಂಬಂಧಿಸಿದವು. ಕಾರು ಇಟ್ಟುಕೊಳ್ಳುವುದಾದರೆ ಇವುಗಳಲ್ಲಿ ರಾಜಿ ಸಲ್ಲದು. ಬ್ರೇಕ್ ದ್ರವ ಕಾಲಕ್ರಮೇಣ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ಬ್ರೇಕ್ ಸತತವಾಗಿ ಕಾದರೆ ಆ ತೇವ ಆವಿಯಾಗಿ ಪೆಡಲ್ ಮೆತ್ತಗಾಗುತ್ತದೆ. ಕೆಲವೇ ನೂರು ರೂಪಾಯಿಗಳ ದ್ರವವನ್ನು ಬದಲಿಸದ ಉದಾಸೀನಕ್ಕೆ ತೆರಬೇಕಾದ ಬೆಲೆ ದೊಡ್ಡದು.

ಎರಡನೆಯ ಗುಂಪು, ತಡಮಾಡಿದಷ್ಟೂ ಹಾನಿ ಬೆಳೆಯುವಂಥದ್ದು: ಸೋರುವ ರೇಡಿಯೇಟರ್, ಆಯಿಲ್ ಸೋರಿಕೆ, ಅವಧಿ ಮೀರಿದ ಟೈಮಿಂಗ್ ಬೆಲ್ಟ್. ಬೆಲ್ಟ್ ಹರಿದರೆ ಅನೇಕ ಎಂಜಿನ್‌ಗಳಲ್ಲಿ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಎಂಜಿನ್ನನ್ನೇ ಬಿಚ್ಚಬೇಕಾಗುತ್ತದೆ. ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಈಗ ಬಳಕೆಯಲ್ಲಿರುವುದರಿಂದ ಹಳೆಯ ಕಾರುಗಳ ಇಂಧನ ಪೈಪು, ರಬ್ಬರ್ ಸೀಲುಗಳನ್ನೂ ಪರೀಕ್ಷಿಸುವುದು ಒಳಿತು.

ಬಣ್ಣ, ಸೀಟು, ಎ.ಸಿ. ಮೂರನೆಯ ಗುಂಪಿನವು. ಇವು ಕಾಯಬಲ್ಲವು.

ಲೆಕ್ಕ ಹೀಗೆ ಮಾಡಿ

ಮೇಲಿನ ಉದಾಹರಣೆಯನ್ನೇ ಮುಂದುವರಿಸೋಣ. ದುರಸ್ತಿಗೆ 45 ಸಾವಿರ, ನೋಂದಣಿ ನವೀಕರಣಕ್ಕೆ 5 ಸಾವಿರ, ಮುಂದಿನ ಮೂರು ವರ್ಷಗಳಲ್ಲಿ ವರ್ಷಕ್ಕೆ 10 ಸಾವಿರದಂತೆ ಇತರ ಕೆಲಸ: ಒಟ್ಟು 80 ಸಾವಿರ. ಮಾರದೆ ಬಿಟ್ಟ 40 ಸಾವಿರವನ್ನೂ ಸೇರಿಸಿ, ಕೊನೆಗೆ ಗುಜರಿಯಿಂದ ಬರುವ 20 ಸಾವಿರ ಕಳೆದರೆ 1 ಲಕ್ಷ. ಅಂದರೆ ವರ್ಷಕ್ಕೆ ಸುಮಾರು 33 ಸಾವಿರ.

ಬದಲಿಗೆ 3 ಲಕ್ಷದ ಸೆಕೆಂಡ್ ಹ್ಯಾಂಡ್ ಕಾರು ಕೊಂಡು, ಮೂರು ವರ್ಷಗಳ ನಂತರ 1.8 ಲಕ್ಷಕ್ಕೆ ಮಾರಿದರೆ ಬೆಲೆ ಇಳಿಕೆಯೇ 1.2 ಲಕ್ಷ. ವರ್ಷಕ್ಕೆ 5 ಸಾವಿರದ ದುರಸ್ತಿ ಸೇರಿ 1.35 ಲಕ್ಷ, ಅಂದರೆ ವರ್ಷಕ್ಕೆ 45 ಸಾವಿರ. ಸಾಲದ ಬಡ್ಡಿ ಬೇರೆ. ಇಲ್ಲಿ ಹಳೆಯ ಕಾರೇ ಅಗ್ಗ. ಆದರೆ ಅದು ಒಂದೇ ವರ್ಷಕ್ಕೆ ಕೈಕೊಟ್ಟರೆ ಆ ಒಂದು ವರ್ಷದ ವೆಚ್ಚ 80 ಸಾವಿರವಾಗುತ್ತದೆ. ಆದ್ದರಿಂದಲೇ ಒಡಲಿನ ಪರೀಕ್ಷೆ ಎಲ್ಲಕ್ಕಿಂತ ಮೊದಲು.

ಕಾನೂನು, ವಿಮೆ

ಖಾಸಗಿ ಕಾರಿನ ನೋಂದಣಿ 15 ವರ್ಷ ಊರ್ಜಿತ. ಆನಂತರ ಆರ್‌ಟಿಒ ತಪಾಸಣೆಯಲ್ಲಿ ತೇರ್ಗಡೆಯಾದರೆ ಐದೈದು ವರ್ಷಕ್ಕೆ ನವೀಕರಣ ದೊರೆಯುತ್ತದೆ. ದೆಹಲಿ ವಲಯದಲ್ಲಿ ಕಾರಿನ ವಯಸ್ಸಿನ ಆಧಾರದ ಮೇಲೆ ತಂದ ನಿರ್ಬಂಧ ಕರ್ನಾಟಕಕ್ಕೆ ಅನ್ವಯಿಸುವುದಿಲ್ಲ. ಕೇಂದ್ರ ನಿಯಮಗಳಂತೆ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂ.; 20 ವರ್ಷ ಮೀರಿದ ಕಾರಿಗೆ 2025ರ ಆಗಸ್ಟ್‌ನಿಂದ 10,000 ರೂ. ತಡಮಾಡಿದರೆ ತಿಂಗಳಿಗೆ 500 ರೂ. ಹೆಚ್ಚುವರಿ. ಹಸಿರು ತೆರಿಗೆ ಪ್ರತ್ಯೇಕ. ನವೀಕರಣ ಸಮೀಪಿಸಿದ್ದರೆ ತಪಾಸಣೆಗೆ ಬೇಕಾದ ಕೆಲಸಗಳನ್ನೂ ಇದೇ ದುರಸ್ತಿಯಲ್ಲಿ ಸೇರಿಸಿಕೊಳ್ಳಿ.

ಸಾಮಾನ್ಯ ವಿಮೆ ಸವೆತಕ್ಕೂ ಯಾಂತ್ರಿಕ ದೋಷಕ್ಕೂ ಪರಿಹಾರ ಕೊಡುವುದಿಲ್ಲ. ಅಪಘಾತದ ದುರಸ್ತಿ ವೆಚ್ಚ ವಿಮಾ ಮೌಲ್ಯದ ಶೇ. 75 ಮೀರಿದರೆ ಪೂರ್ಣ ನಷ್ಟವೆಂದು ಪರಿಗಣಿಸಲಾಗುತ್ತದೆ. ಹಳೆಯ ಕಾರಿನ ಮೌಲ್ಯ ಕಡಿಮೆಯಿರುವುದರಿಂದ ಸಾಧಾರಣ ಅಪಘಾತವೂ ಈ ಮಿತಿ ಮುಟ್ಟಬಹುದು. ಹೊಸದಾಗಿ ಹಾಕಿದ 45 ಸಾವಿರ ಪೂರ್ತಿ ಮರಳದೆಂಬುದು ನೆನಪಿರಲಿ.

ಬಿಡುವುದೇ ಆದರೆ

ಆರ್.ಸಿ. ರದ್ದುಮಾಡಿಸದೆ ಕಾರನ್ನು ಗುಜರಿಗೆ ಕೊಡಬೇಡಿ. ದಾಖಲೆಯಲ್ಲಿ ಹೆಸರಿರುವ ತನಕ ಹೊಣೆಯೂ ನಿಮ್ಮದೇ. ನೋಂದಾಯಿತ ವಾಹನ ಗುಜರಿ ಕೇಂದ್ರಕ್ಕೆ ಒಪ್ಪಿಸಿದರೆ ಸಿಗುವ ಠೇವಣಿ ಪ್ರಮಾಣಪತ್ರದಿಂದ ಹೊಸ ಕಾರಿನ ನೋಂದಣಿ ಶುಲ್ಕಕ್ಕೆ ವಿನಾಯಿತಿ ಉಂಟು. ಮೋಟಾರು ತೆರಿಗೆಯಲ್ಲಿ ಶೇ. 25ರವರೆಗೆ ರಿಯಾಯಿತಿ ನೀಡಲು ಕೇಂದ್ರ ನಿಯಮಗಳಲ್ಲಿ ಅವಕಾಶವಿದೆ.

ಒಡಲು ಗಟ್ಟಿಯಾಗಿದ್ದು, ಬಿಡಿಭಾಗಗಳು ಹಾಸನದಲ್ಲೇ ಸಿಗುವಂತಿದ್ದರೆ ದುರಸ್ತಿ ಮಾಡಿಸಿ. ಬೇರೆ ಗ್ಯಾರೇಜಿನಿಂದ ಇನ್ನೊಂದು ಅಂದಾಜು ಪಡೆಯಿರಿ. ಆದರೆ ನಿರ್ಧಾರವನ್ನು ಮುಂದೂಡುತ್ತಾ, ಬ್ರೇಕ್ ಸರಿಯಿಲ್ಲದ ಕಾರಿನಲ್ಲೇ ಮನೆಮಂದಿಯನ್ನು ಕರೆದೊಯ್ಯುವುದು ಮಾತ್ರ ಬೇಡ.